ಹಳೆ ಕಾರಿನ ಡ್ಯಾಶ್‌ಬೋರ್ಡು ಮೀಟಿ ಕೀಳಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳನ್ನು ದುರಸ್ತಿಗೆ ಬಿಟ್ಟಾಗ ಬೆಳಗಾವಿಯ ಕೆಲವು ಗ್ಯಾರೇಜುಗಳಲ್ಲಿ ಡ್ಯಾಶ್‌ಬೋರ್ಡಿನ ಪಟ್ಟಿ, ಸ್ವಿಚ್ಚುಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿ ಕೀಳುತ್ತಿರುವುದು ವಿಷಾದದ ಸಂಗತಿ. ದಶಕಗಳ ಬಿಸಿಲಿಗೆ ಪೆಡಸಾದ ಪ್ಲಾಸ್ಟಿಕ್ ಒಂದೇ ಮೀಟಿಗೆ ಸೀಳುತ್ತದೆ. ಅಂಬಾಸಿಡರ್ ತಯಾರಿಕೆಯೇ 2014ರಲ್ಲಿ ನಿಂತಿರುವಾಗ ಅಸಲಿ ಬಿಡಿಭಾಗಕ್ಕಾಗಿ ಗುಜರಿ ಅಂಗಡಿ ಅಲೆಯುವ ಪಾಡು ಮಾಲೀಕರದು.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಎಳೆಯುವ ಬಗೆಯ ಹಳೆಯ ಸ್ವಿಚ್ಚುಗಳಲ್ಲಿ ಹಲವಕ್ಕೆ ಗುಂಡಿಯ ಬುಡದಲ್ಲಿ ಸಣ್ಣ ಸ್ಕ್ರೂ ಇಲ್ಲವೇ ಸ್ಪ್ರಿಂಗ್ ಪಿನ್ ಅಡಗಿರುತ್ತದೆ. ಅದನ್ನು ಸಡಿಲಿಸಿ ಗುಂಡಿ ತೆಗೆದು, ಮುಂಭಾಗದ ಉಂಗುರದಂಥ ನಟ್ಟನ್ನು ಬಿಚ್ಚಿದರೆ ಸ್ವಿಚ್ಚು ತಾನಾಗಿ ಹಿಂದಕ್ಕೆ ಸರಿಯುತ್ತದೆ, ಬಲ ಹಾಕುವ ಪ್ರಮೇಯವೇ ಬರುವುದಿಲ್ಲ. ಸ್ಪೀಡೋಮೀಟರಿನ ಕೇಬಲ್ ಬಿಚ್ಚದೆ ಮೀಟರನ್ನು ಎಳೆಯುವುದಂತೂ ಶುದ್ಧ ಅವಿವೇಕ. ತಂತಿಗಳಿಗೆ ಚೀಟಿ ಅಂಟಿಸಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಲು ಎಷ್ಟು ಹೊತ್ತು ಬೇಕು?

50 ವರ್ಷ ದಾಟಿದ ಕಾರುಗಳಿಗೆ 2021ರ ಕೇಂದ್ರ ನಿಯಮದಡಿ ವಿಂಟೇಜ್ ನೋಂದಣಿ ಸಿಗಬೇಕಾದರೆ ಅವು ಮೂಲ ಸ್ವರೂಪದಲ್ಲೇ ಇರಬೇಕು. ಆದ್ದರಿಂದ ಗ್ಯಾರೇಜಿನವರು ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಮಾಲೀಕರಿಗೆ ಮರಳಿಸಬೇಕೆಂದೂ, ಉದ್ಯಮಬಾಗ ಕೈಗಾರಿಕಾ ಪ್ರದೇಶದ ಲೇಥ್ ಕೆಲಸದವರು ಸವೆದ ನಟ್ಟುಗಳನ್ನು ಬಿಡಿಯಾಗಿ ಮಾಡಿಕೊಡಲು ಮುಂದಾಗಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಓದುಗ, ಟಿಳಕವಾಡಿ, ಬೆಳಗಾವಿ