ಏನನ್ನೂ ಹೊರದ ಗೋಡೆಗಳು

ಗೆಳೆಯಾ,

ನೀನು ಕಳಿಸಿದ ಟುಗೆಂಡ್‌ಹಾಟ್ ಮನೆಯ ಫೋಟೊಗಳನ್ನು ನೋಡಿದೆ. ಕೆಳಗೆ ಬರೆದ ಸಾಲನ್ನೂ ಓದಿದೆ: "ಆಸ್ಪತ್ರೆ ವರಾಂಡ ಇದ್ದ ಹಾಗಿದೆಯಲ್ಲೋ, ಇದರಲ್ಲಿ ಅಂಥದ್ದೇನಿದೆ?" ನಗು ಬಂತು. ಮೊದಲ ಸಲ ನೋಡಿದಾಗ ನನಗೂ ಹಾಗೇ ಅನ್ನಿಸಿತ್ತು. ತಪ್ಪು ಫೋಟೊದ್ದು ಕಣೋ. ಅದರಲ್ಲಿ ಹೊಳಪು ಕಾಣುತ್ತದೆ, ಯಾವುದು ಯಾವುದನ್ನು ಹೊತ್ತು ನಿಂತಿದೆ ಅನ್ನುವುದು ಕಾಣುವುದಿಲ್ಲ.

ನಾನೂ ಆ ಮನೆಯೊಳಗೆ ಕಾಲಿಟ್ಟವನಲ್ಲ. ತಿಳಿದದ್ದೆಲ್ಲ ನಕ್ಷೆಯಿಂದ. ಒಂದು ಸಂಜೆ ಪ್ಲಾನ್ ಪ್ರಿಂಟ್ ತೆಗೆದು, ಕೆಂಪು ಪೆನ್ಸಿಲಿನಲ್ಲಿ ಕಂಬಗಳನ್ನಷ್ಟೇ ಗುರುತು ಮಾಡಿದೆ. ಗೋಡೆಗಳ ಕಡೆ ನೋಡಲೇ ಇಲ್ಲ. ಸಾಲಾಗಿ, ಲೆಕ್ಕವಿಟ್ಟು ನಿಂತ ಕೆಂಪು ಚುಕ್ಕೆಗಳು. ಇಡೀ ಮನೆಗೆ 29 ಉಕ್ಕಿನ ಕಂಬಗಳು. ಆಮೇಲೆ ಗೋಡೆಗಳನ್ನು ನೀಲಿಯಲ್ಲಿ ಎಳೆದರೆ ಮುಖ್ಯ ಕೋಣೆಯಲ್ಲಿ ಒಂದು ತಮಾಷೆ ಕಂಡಿತು. ನಡುವಿನ ನೀಲಿ ಗೆರೆ ಕೆಂಪು ಚುಕ್ಕೆಯನ್ನು ಮುಟ್ಟುವುದೇ ಇಲ್ಲ, ಪಕ್ಕದಲ್ಲೇ ಸರಿದುಹೋಗುತ್ತದೆ. ಅಲ್ಲಿಂದ ನನಗೆ ಮನೆ ಬಿಡಿಸಿಕೊಳ್ಳುತ್ತ ಹೋಯಿತು.

ಜೆಕ್ ದೇಶದ ಬ್ರನೋ ನಗರದ ಇಳಿಜಾರಿನಲ್ಲಿರುವ ಈ ಮನೆಯನ್ನು ಜರ್ಮನ್ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ 1928ರಿಂದ 1930ರ ನಡುವೆ ಗ್ರೇಟೆ ಮತ್ತು ಫ್ರಿಟ್ಸ್ ಟುಗೆಂಡ್‌ಹಾಟ್ ದಂಪತಿಗೆ ಕಟ್ಟಿಕೊಟ್ಟ. ಬೀದಿಯಿಂದ ನೋಡಿದರೆ ಒಂದೇ ಅಂತಸ್ತು, ಏನೂ ವಿಶೇಷವಿಲ್ಲ. ಬಾಗಿಲು ತೆರೆದು ಒಳಹೋದರೆ ನೀನಿರುವುದು ಮಲಗುವ ಕೋಣೆಗಳಿರುವ ಮೇಲಂತಸ್ತಿನಲ್ಲಿ. ಸುತ್ತಿಕೊಂಡು ಇಳಿಯುವ ಮೆಟ್ಟಿಲ ತುದಿಯಲ್ಲಿ, ತೋಟದ ಕಡೆಗೆ ಬಾಯ್ತೆರೆದ ಆ ದೊಡ್ಡ ಕೋಣೆ.

ಅಲ್ಲಿನ ಒಂದು ಕಂಬವನ್ನು ಸ್ವಲ್ಪ ಹತ್ತಿರದಿಂದ ನೋಡು. ನಾಲ್ಕು ಆಂಗಲ್‌ಗಳನ್ನು, ಅಂದರೆ 'L' ಆಕಾರದ ಉಕ್ಕಿನ ಪಟ್ಟಿಗಳನ್ನು, ಬೆನ್ನಿಗೆ ಬೆನ್ನು ಕೊಟ್ಟು ಸೇರಿಸಿದ್ದಾರೆ. ಅಡ್ಡ ಕೊಯ್ದರೆ ಕೂಡಿಸುವ ಚಿಹ್ನೆ. ಕೋಣೆಯೊಳಗೆ ಅದರ ಮೇಲೆ ಕ್ರೋಮಿಯಂ ಲೇಪದ ಕವಚ, ಅಂಚುಗಳನ್ನು ದುಂಡಗೆ ಮಾಡಿದೆ. ಸುತ್ತಲಿನ ಬೆಳಕು, ಪರದೆ, ತೋಟದ ಹಸಿರು ಎಲ್ಲವೂ ಅದರಲ್ಲಿ ಸೀಳುಸೀಳಾಗಿ ಕಾಣುವುದರಿಂದ ಇಡೀ ಮಹಡಿಯನ್ನು ಹೊತ್ತ ವಸ್ತುವೇ ಅಲ್ಲಿ ಇಲ್ಲವೇನೋ ಅನ್ನಿಸುತ್ತದೆ. ಗೋಡೆಯದು ಇದಕ್ಕೆ ತಿರುಗಾಮುರುಗಾ. ಮೊರಾಕ್ಕೊದಿಂದ ತರಿಸಿದ ಓನಿಕ್ಸ್ ಕಲ್ಲಿನ ಗೋಡೆ ಬರೀ 7 ಸೆಂ.ಮೀ. ದಪ್ಪ, ಮೇಲಿನ ಭಾರದಲ್ಲಿ ಒಂದು ಹಿಡಿಯನ್ನೂ ಹೊತ್ತಿಲ್ಲ. ಆದರೂ ಕಣ್ಣಿಗೆ ಭಾರವೆನಿಸುವುದು ಅದೇ. ಒಂದು ಬದಿಗೆ ಕೂರುವ ಜಾಗ, ಇನ್ನೊಂದು ಬದಿಗೆ ಓದುವ ಜಾಗ ಅಂತ ಬಗೆದು ಕೊಡುವುದಷ್ಟೇ ಅದರ ಕೆಲಸ. ಚಳಿಗಾಲದಲ್ಲಿ ಸೂರ್ಯ ತಗ್ಗಿ ಬಂದಾಗ ಬೆಳಕು ಕಲ್ಲಿನೊಳಗೆ ಹಾದು, ಹಿಂಬದಿ ಕೆಂಡದ ಬಣ್ಣಕ್ಕೆ ತಿರುಗುತ್ತದಂತೆ. ಊಟದ ಜಾಗವನ್ನು ಅರ್ಧವೃತ್ತವಾಗಿ ತಬ್ಬಿದ ಮಕಾಸ್ಸರ್ ಎಬೊನಿ ಮರದ ಗೋಡೆಯೂ ಅಷ್ಟೇ, ಒಂದು ದೊಡ್ಡ ಪೀಠೋಪಕರಣ ಅನ್ನು.

ನನಗೆ ತುಂಬ ಹಿಡಿಸಿದ್ದು ಅಲ್ಲಿರುವ ದುಂಡು ಮೇಜು. ಅದಕ್ಕೆ ಒಂದೇ ಕಾಲು, ನೆಲಕ್ಕೆ ಊರಿದ್ದು, ಅದೂ ಅದೇ ಕೂಡಿಸುವ ಚಿಹ್ನೆಯ ಆಕಾರ! ಗೋಡೆ ಪೀಠೋಪಕರಣವಾದರೆ ಇಲ್ಲಿ ಪೀಠೋಪಕರಣವೇ ಕಂಬವಾಗಿ ನಿಂತಿದೆ. ಒಳಾಂಗಣದ ಕೆಲಸದಲ್ಲಿ ಮೀಸ್ ಜೊತೆ ದುಡಿದ ವಿನ್ಯಾಸಕಿ ಲಿಲಿ ರೈಖ್ ಪಾಲು ದೊಡ್ಡದು. ಬರೆಯುವವರು ಆಕೆಯ ಹೆಸರು ಮರೆತು ಎಲ್ಲವನ್ನೂ ಮೀಸ್ ಖಾತೆಗೆ ಹಾಕುವುದು ಕಂಡರೆ ನನಗೆ ಸಿಟ್ಟು ಬರುತ್ತದೆ. ಚಾವಣಿಯ ಹಳಿಗಳಲ್ಲಿ ಓಡುವ ರೇಷ್ಮೆ, ವೆಲ್ವೆಟ್ ಪರದೆಗಳನ್ನು ಅಲಂಕಾರ ಅಂದುಕೊಳ್ಳಬೇಡ. ಕೋಣೆ ಬೇಕೆಂದಾಗ ಎಳೆದುಕೊಳ್ಳುವ ಗೋಡೆಗಳು ಅವು. ತೋಟದ ಕಡೆಯ ಭಾರೀ ಗಾಜುಗಳಲ್ಲಿ ಎರಡು, ಮೋಟರಿನ ಸಹಾಯದಿಂದ ಪೂರಾ ನೆಲದೊಳಕ್ಕೆ ಇಳಿದುಬಿಡುತ್ತವೆ.

ಇಷ್ಟೆಲ್ಲ ಹೊಗಳಿದರೂ ನನ್ನದೊಂದು ತಕರಾರಿದೆ. ಈ ಬಿಡುಬೀಸು ಹಗಲಿನ ಒಂದು ಕೋಣೆಗೆ ಮಾತ್ರ. ಮೇಲಂತಸ್ತಿನ ಪ್ಲಾನ್ ನೋಡು: ಅಪ್ಪ, ಅಮ್ಮ, ಮಕ್ಕಳು, ದಾದಿ, ಎಲ್ಲರಿಗೂ ನಾಲ್ಕು ಗೋಡೆ, ಒಂದು ಬಾಗಿಲು. ಮಲಗಲು ಹೋಗುವಾಗ ಮೀಸ್‌ಗೂ ಹಳೆಯ ಕೋಣೆಯೇ ಬೇಕಾಯಿತು. ನೆಲಮಾಳಿಗೆಗೆ ಇಳಿದರೆ ಕಲ್ಲಿದ್ದಲು, ಬಾಯ್ಲರ್, ಬಿಸಿಗಾಳಿಯ ಯಂತ್ರ, ಗಾಜು ಇಳಿಸುವ ಮೋಟರು. ಮೇಲೆ ಖಾಲಿ ಅನ್ನಿಸುವ ಜಾಗಕ್ಕೆ ಕೆಳಗೆ ಒಂದಂತಸ್ತು ತುಂಬ ಯಂತ್ರಗಳು ದುಡಿಯುತ್ತಿದ್ದವು. ಕಲ್ಲಿದ್ದಲು ಹಾಕುವ ಕೈಯೂ ಬೇಕಿತ್ತಲ್ಲ, ಅದು ಯಾವ ಫೋಟೊದಲ್ಲೂ ಇಲ್ಲ.

1931ರಲ್ಲೇ 'ದೀ ಫಾರ್ಮ್' ಎಂಬ ಜರ್ಮನ್ ಪತ್ರಿಕೆಯಲ್ಲಿ ಒಬ್ಬ ವಿಮರ್ಶಕ, ಇಂಥ ಮನೆಯಲ್ಲಿ ಬದುಕಲಾದೀತೇ ಅಂತ ಕೇಳಿದ್ದ. ಗಂಡ ಹೆಂಡತಿ ಇಬ್ಬರೂ ಉತ್ತರ ಬರೆದರು. ದೊಡ್ಡ ಕೋಣೆಯಲ್ಲಿ ಚಿತ್ರ ನೇತುಹಾಕಲು ಆಗುವುದಿಲ್ಲ ಅನ್ನುವುದನ್ನು ಫ್ರಿಟ್ಸ್ ಒಪ್ಪಿಕೊಂಡ. ಗ್ರೇಟೆಗೆ ಮಾತ್ರ ಆ ಬಿಗಿಯಲ್ಲೇ ಬಿಡುಗಡೆ ಕಂಡಿತ್ತು. ನಾನು ಇಬ್ಬರನ್ನೂ ನಂಬುತ್ತೇನೆ. ಆದರೆ ನನಗೆ ಗೋಡೆಗೆ ಒಂದು ಮೊಳೆ ಹೊಡೆಯುವ ಹಕ್ಕು ಬೇಕು ಮಾರಾಯ.

ಈಗ ನಿನ್ನ ಆಸ್ಪತ್ರೆಯ ಮಾತಿಗೆ ಬರುತ್ತೇನೆ. ಯಹೂದಿಗಳಾದ ಟುಗೆಂಡ್‌ಹಾಟ್ ದಂಪತಿ 1938ರಲ್ಲಿ ಊರು ಬಿಡಬೇಕಾಯಿತು. ಯುದ್ಧ ಮುಗಿದ ಮೇಲೆ ಅಲ್ಲಿ ಕೆಲಕಾಲ ನೃತ್ಯಶಾಲೆ ನಡೆಯಿತು. ನಂತರ ಬೆನ್ನಿನ ತೊಂದರೆಯಿದ್ದ ಮಕ್ಕಳ ಚಿಕಿತ್ಸಾ ಕೇಂದ್ರವಾಯಿತು. ಅದೇ ದೊಡ್ಡ ಕೋಣೆಯಲ್ಲಿ ಮಕ್ಕಳು ವ್ಯಾಯಾಮ ಮಾಡುತ್ತಿದ್ದರು. ಹಾಗಾಗಿ ನಿನ್ನ ಕಣ್ಣು ಪೂರ್ತಿ ಸುಳ್ಳು ಹೇಳಿಲ್ಲ. ಅಷ್ಟರಲ್ಲಿ ಆ ಎಬೊನಿ ಗೋಡೆ ನಾಪತ್ತೆಯಾಗಿತ್ತು. ಗೋಡೆಯೇ ಹೋದರೂ ಚಾವಣಿಯಲ್ಲಿ ಒಂದು ಬಿರುಕೂ ಬೀಳಬೇಕಿರಲಿಲ್ಲ ನೋಡು, ಅದು ಹೊತ್ತದ್ದೇನಿತ್ತು? 2010ರಲ್ಲಿ ದುರಸ್ತಿ ಶುರುವಾದ ಮೇಲೆ, 2011ರಲ್ಲಿ, ಅದರ ಹಲಗೆಗಳು ಅದೇ ಊರಿನ ವಿಶ್ವವಿದ್ಯಾಲಯದ ಕಾನೂನು ವಿಭಾಗದ ಕ್ಯಾಂಟೀನಿನಲ್ಲಿ ಸಿಕ್ಕವು. ಆ ಕಟ್ಟಡ ಯುದ್ಧಕಾಲದಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಪೊದ ಕಚೇರಿಯಾಗಿತ್ತು. ವರ್ಷಗಟ್ಟಲೆ ವಿದ್ಯಾರ್ಥಿಗಳು ಆ ಮರಕ್ಕೆ ಬೆನ್ನು ಕೊಟ್ಟು ಊಟ ಮಾಡಿದ್ದಾರೆ.

ಹಲಗೆಗಳು ಈಗ ಮತ್ತೆ ಮೇಜಿನ ಸುತ್ತ ನಿಂತಿವೆ. ಪ್ಲಾನನ್ನು ಇದರ ಜೊತೆ ಕಳಿಸುತ್ತಿದ್ದೇನೆ, ಗುರುತೇನೂ ಹಾಕಿಲ್ಲ. ಕೆಂಪು ಪೆನ್ಸಿಲ್ ನೀನೇ ಹುಡುಕಿಕೋ.

ನಿನ್ನವನೇ,
ಹಳೇ ಗೆಳೆಯ