ಪಟ್ಟಿ ಬಾಯಿಪಾಠ ಮಾಡಬೇಡ

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಪೋಕರ್‌ನಲ್ಲಿ ಫ್ಲಶ್ ದೊಡ್ಡದೋ ಸ್ಟ್ರೇಟ್ ದೊಡ್ಡದೋ ಅಂತ ಪ್ರತಿ ಸಲ ಮರೆತುಹೋಗುತ್ತೆ ಅಂದಿದ್ದೀಯ. ಪಟ್ಟಿ ಉರು ಹೊಡೆದರೆ ಹಾಗೇ ಆಗೋದು. ಒಂದೇ ಪ್ರಶ್ನೆ ಕೇಳಿಕೋ: ಯಾವುದು ಅಪರೂಪ? ಅಪರೂಪದ್ದೇ ದೊಡ್ಡದು.

52 ಎಲೆಯಲ್ಲಿ ಐದೈದು ಎಲೆಯ ಹ್ಯಾಂಡ್ 25,98,960 ಬಗೆಯಲ್ಲಿ ಬರಬಹುದು. ಅದರಲ್ಲಿ ಸ್ಟ್ರೇಟ್, ಅಂದರೆ ಸಾಲಾಗಿ ಬರುವ ಐದು ಎಲೆ, 10,200. ಒಂದೇ ಜಾತಿಯ ಐದು ಎಲೆಯ ಫ್ಲಶ್ 5,108. ಮೂರು ಒಂದೇ ಥರ (ಮೂರು ರಾಜ ಅನ್ನು), ಜೊತೆಗೊಂದು ಜೋಡಿ ಇರುವ ಫುಲ್ ಹೌಸ್ 3,744. ನಾಲ್ಕೂ ಒಂದೇ ಥರದ್ದು ಬರೀ 624. ಸಾಲೂ ಹೌದು, ಜಾತಿಯೂ ಒಂದೇ ಅನ್ನೋದು 40 ಮಾತ್ರ, ಒಂದೇ ಜಾತಿಯ 10ರಿಂದ ಎಕ್ಕದವರೆಗಿನ ಸಾಲು, ಅಂದರೆ ರಾಯಲ್ ಫ್ಲಶ್‌ನ ನಾಲ್ಕೂ ಸೇರಿ. ಕೆಳಗಿನವು ಸುಲಭ: ಮೂರು ಒಂದೇ ಥರ, ಎರಡು ಜೋಡಿ, ಒಂದು ಜೋಡಿ, ಕೊನೆಗೆ ಏನೂ ಇಲ್ಲದ್ದು.

36 ಎಲೆಯಲ್ಲಿ ಆಡುವ ಆಟವೂ ಇದೆ. ಅಲ್ಲಿ ಫ್ಲಶ್ ಸಿಗೋದು ಕಷ್ಟ, ಅದಕ್ಕೇ ಅದು ಫುಲ್ ಹೌಸನ್ನೇ ಸೋಲಿಸುತ್ತೆ. ಲೆಕ್ಕ ಎಷ್ಟು ನೇರ ನೋಡು.

ನಿಜವಾದ ಜಗಳ ಹುಟ್ಟೋದು ಇಬ್ಬರದ್ದೂ ಒಂದೇ ಥರದ ಹ್ಯಾಂಡ್ ಆದಾಗ. ಟೆಕ್ಸಾಸ್ ಹೋಲ್ಡೆಮ್ ಆಡ್ತಿದ್ದೀರಿ ಅಂದುಕೋ. ಅದರಲ್ಲಿ ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ; ಆ ಏಳರಲ್ಲಿ ಒಳ್ಳೆಯ ಐದೇ ನಿನ್ನ ಹ್ಯಾಂಡ್. ಮೇಜಿನ ಮೇಲೆ ಎಕ್ಕ, 9, 6, 4, 2, ಜಾತಿ ಎಲ್ಲ ಕಲಸುಮೇಲೋಗರ. ನಿನ್ನ ಕೈಯಲ್ಲಿ ಎಕ್ಕ-ರಾಜ, ಎದುರಿನವನ ಹತ್ತಿರ ಎಕ್ಕ-ರಾಣಿ. ಇಬ್ಬರಿಗೂ ಎಕ್ಕದ ಜೋಡಿ. ಆಗ ಪಕ್ಕದ ಎಲೆ ನೋಡಬೇಕು. ಅದಕ್ಕೆ ಕಿಕ್ಕರ್ ಅಂತಾರೆ. ನಿನ್ನ ರಾಜ ದೊಡ್ಡದು, ನೀನು ಗೆದ್ದೆ.

ಈಗ ಮೇಜಿನ ಮೇಲೆ ಎಕ್ಕ, ರಾಜ, ರಾಣಿ, ಗುಲಾಮ, 4 ಇದೆ ಅನ್ನು. ನಿನ್ನದು ಎಕ್ಕ-8, ಅವನದು ಎಕ್ಕ-5. ನಿನ್ನ 8 ದೊಡ್ಡದು ಅಲ್ವಾ? ಆದರೂ ನೀನು ಗೆಲ್ಲಲ್ಲ. ಏಳು ಎಲೆಯಲ್ಲಿ ಲೆಕ್ಕಕ್ಕೆ ಬರೋದು ಐದೇ. ಇಬ್ಬರಿಗೂ ಎರಡು ಎಕ್ಕ, ರಾಜ, ರಾಣಿ, ಗುಲಾಮ. ಸಮಸಮ ಹಂಚಿಕೊಳ್ಳಿ. ಹೊಸಬರು ಜಾಸ್ತಿ ವಾದ ಮಾಡೋದು ಇಲ್ಲೇ.

ಎರಡು ಜೋಡಿ ಬಂದರೆ ದೊಡ್ಡ ಜೋಡಿಯನ್ನು ಮೊದಲು ನೋಡು. ರಾಜ ಮತ್ತು 2ರ ಜೋಡಿ, ರಾಣಿ ಮತ್ತು ಗುಲಾಮನ ಜೋಡಿಗಿಂತ ಮೇಲು. ಫುಲ್ ಹೌಸಿನಲ್ಲಿ ಮೂರಿರುವ ಎಲೆ ಮೊದಲು. ಎಕ್ಕ 10ರಿಂದ ಹೊರಟ ಸಾಲಿನ ತುದಿಗೂ ಕೂರುತ್ತೆ, 2ರ ಹಿಂದೆಯೂ ಕೂರುತ್ತೆ. ಆದರೆ ರಾಣಿ, ರಾಜ, ಎಕ್ಕ, 2, 3 ಅಂತ ಸುತ್ತು ಹೊಡೆಯೋ ಹಾಗಿಲ್ಲ. ಇನ್ನು ಇಸ್ಪೀಟು ಜಾತಿ ಆಟೀನಿಗಿಂತ ಮೇಲು ಅಂತ ಯಾರಾದರೂ ಹೇಳಿದರೆ ನಂಬಬೇಡ. ಹ್ಯಾಂಡ್ ಹೋಲಿಸುವಾಗ ನಾಲ್ಕು ಜಾತಿಯೂ ಒಂದೇ.

ದುಡ್ಡು ಕಟ್ಟೋ ಮಾತು ಈಗ ಬೇಡ. ಸುಮ್ನೆ ಎಲೆ ಕಲಸಿ ಇಬ್ಬರಿಗೆ ಎರಡೆರಡು ಹಾಕು, ನಡುವೆ ಐದು ಬಿಡು, ಎಲ್ಲ ತೆರೆದಿಟ್ಟು ಯಾರು ಗೆದ್ದರು ಅಂತ ಹೇಳು. ಗೆದ್ದ ಐದು ಎಲೆ ಯಾವುವು ಅಂತಲೂ ಬೆರಳಿಟ್ಟು ತೋರಿಸು. ಅಕ್ಕನನ್ನೂ ಎದುರಿಗೆ ಕೂರಿಸಿಕೋ, ತಪ್ಪಿದರೆ ಅವಳು ಬಿಡೋಳಲ್ಲ.

ಇಂತಿ,
ನಿನ್ನ ಮಾವ