ಹೊಳೆಯವರ ಮಾತು, ಗುಡ್ಡದವರ ಮಾತು

ಟಾಂಪೆರೆ, ಫಿನ್‌ಲ್ಯಾಂಡ್
ಭಾನುವಾರ ರಾತ್ರಿ

ಮುತ್ಯಾ ಅವರಿಗೆ ನಿಮ್ಮ ಮೊಮ್ಮಗಳ ನಮಸ್ಕಾರಗಳು.

ನಾನು ಆರಾಮ ಇದ್ದೇನೆ. ಸೇಡಂನಲ್ಲಿ ನೀವು, ಆಯಿ, ಅಪ್ಪ, ಅವ್ವ ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಅವ್ವ ಕಳಿಸಿದ ಶೇಂಗಾ ಹಿಂಡಿ ಮುಟ್ಟಿತು. ಇಲ್ಲಿ ಈಗ ಮಧ್ಯಾಹ್ನ ಮೂರಕ್ಕೇ ಹೊತ್ತು ಮುಳುಗುತ್ತದೆ.

ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ, "ಇಲ್ಲದ ಮಂದಿಗೆ ಇಲ್ಲದ ಭಾಷಾ ಯಾಕ ಬೇಕವ್ವಾ?" ಅಂತ. ಅಷ್ಟರಲ್ಲಿ ಲೈನ್ ಕಟ್ ಆಯಿತು. ನೀವು ಮೂವತ್ತು ವರ್ಷ ಕನ್ನಡ ಕಲಿಸಿದವರು, ನಿಮಗೆ ಅರ್ಧ ಉತ್ತರ ಕೊಡಲು ಮನಸ್ಸು ಬರಲಿಲ್ಲ. ಅದಕ್ಕೇ ಈ ಪತ್ರ.

ನಾವು ಮಾಡುತ್ತಿರುವ ಕಂಪ್ಯೂಟರ್ ಆಟದಲ್ಲಿ ಎರಡು ಕುಲದವರು ಇದ್ದಾರೆ. ಹೊಳೆ ದಂಡೆಯವರು, ಗುಡ್ಡದವರು. ಅವರಿಗೆ ಭಾಷೆ ಕಟ್ಟುವುದು ನನ್ನ ಕೆಲಸ. ಆಟ ಆಡುವವರು ಅವರ ಮಾತನ್ನು ಗಂಟೆಗಟ್ಟಲೆ ಕೇಳುತ್ತಾರೆ. ಸುಮ್ನೆ ಬಾಯಿಗೆ ಬಂದಂತೆ ಒದರಿಸಿದರೆ ಸ್ವಲ್ಪ ಹೊತ್ತಿಗೇ ಗೊತ್ತಾಗಿಬಿಡುತ್ತದೆ. ನಿನ್ನೆ ಕೇಳಿದ ಪದ ಇವತ್ತು ಕೇಳಿದರೆ ಅದೇ ಅರ್ಥ ಕೊಡಬೇಕು. ಆಗಲೇ ಆ ಮಂದಿ ಖರೇ ಅನ್ನಿಸುವುದು.

ಮೊದಲ ಸಲ ನಾನು ದಾರಿ ತಪ್ಪಿದೆ. ಬೇರೆ ಲೋಕದ ಭಾಷೆ ಅಂದರೆ ವಿಚಿತ್ರವಾಗಿ ಕೇಳಿಸಬೇಕು ಅಂತ ಗಂಟಲಿನ ಸದ್ದು, ಲೊಚಗುಟ್ಟುವ ಸದ್ದು, ನಮ್ಮ ಠ, ಢ ಎಲ್ಲ ತುರುಕಿದೆ. ದನಿ ಕೊಡುವವರು ಇಲ್ಲಿನವರು. ಅವರ ಫಿನ್ನಿಶ್ ಭಾಷೆಯಲ್ಲಿ ಮಹಾಪ್ರಾಣ ಇಲ್ಲ. ಟ ಬೇರೆ, ತ ಬೇರೆ ಅನ್ನುವುದೂ ಇಲ್ಲ. ಒಂದು ಸಾಲು ಹೇಳಿಸುವಷ್ಟರಲ್ಲಿ ಅವರೂ ಸುಸ್ತು, ನಾನೂ ಸುಸ್ತು. ಎಲ್ಲ ಅಳಿಸಿಹಾಕಿ ಹೊಸದಾಗಿ ಕೂತೆ.

ಆಗ ನೆನಪಾದದ್ದು ನೀವು ಮಳಖೇಡದ ಕೋಟೆ ತೋರಿಸಿದ ದಿನ. ಕಾಗಿಣಾ ಹೊಳೆ ನೋಡುತ್ತ ಕೂತಿದ್ದೆವು. ರಾಷ್ಟ್ರಕೂಟರ ಕಾಲಕ್ಕೆ ಇಲ್ಲಿಯ ಮಂದಿ ಹಾಲಿಗೆ 'ಪಾಲ್' ಅನ್ನುತ್ತಿದ್ದರು, ಹುಲಿಗೆ 'ಪುಲಿ' ಅಂದಿರಿ. ನನಗೆ ನಂಬಿಕೆ ಬರಲಿಲ್ಲ. ನೀವು ಸಂತೆಗೆ ಬರುವ ತೆಲುಗಿನವರನ್ನು ಕೇಳು ಅಂದಿರಿ. ಕೇಳಿದೆ. ಅವರಿಗೆ ಇವತ್ತೂ ಪಾಲು, ಪುಲಿ, ಪುವ್ವು. ನಮ್ಮಲ್ಲಿ ಪದದ ಮೊದಲಿನ ಪಕಾರ ಹಕಾರ ಆಯಿತು, ಅವರಲ್ಲಿ ಆಗಲಿಲ್ಲ.

ನಾನು ಮಾಡಿದ್ದೂ ಇದೇ. ಎರಡೂ ಕುಲಕ್ಕೆ ಒಂದು ಹಳೆಯ ತಾಯಿ ಭಾಷೆ ಕಟ್ಟಿದೆ. ಅದರಲ್ಲಿ ದೀಪಕ್ಕೆ 'ಪೆಲ', ದೋಣಿಗೆ 'ಪುನೆ'. ಗುಡ್ಡದವರು ಅದನ್ನೇ ಉಳಿಸಿಕೊಂಡರು. ಹೊಳೆಯವರ ಬಾಯಲ್ಲಿ ಅದು 'ಹೆಲ', 'ಹುನೆ' ಆಯಿತು. ಆದರೆ ಬಲೆಗೆ ಇಬ್ಬರೂ 'ತಪ್ಪೊ' ಅನ್ನುತ್ತಾರೆ. ಯಾಕೆಂದರೆ ಒತ್ತು ಬಿದ್ದ ಪ ಸಡಿಲುವುದಿಲ್ಲ. ನಮ್ಮಲ್ಲೂ ಅಪ್ಪ, ಉಪ್ಪು, ತುಪ್ಪ ಹಾಗೇ ಉಳಿದಿವೆ, ಅಲ್ವಾ? ಒಂದು ನಿಯಮ ಹಾಕಿದರೆ ಅದು ಎಲ್ಲ ಪದಗಳ ಮೇಲೂ ನಡೆಯಬೇಕು. ಬೇಕಾದಲ್ಲಿ ಹಾಕಿ, ಬೇಡಾದಲ್ಲಿ ಬಿಟ್ಟರೆ ಭಾಷೆ ಸುಳ್ಳಾಗುತ್ತದೆ.

ಆಟದಲ್ಲಿ ಒಂದು ಕಡೆ ನೆರೆ ಬರುತ್ತದೆ. ಗುಡ್ಡದ ಮುದುಕಿ ಹೊಳೆಯವರ ಹುಡುಗನಿಗೆ "ಪುನೆ! ಪುನೆ!" ಅಂತ ಕೂಗುತ್ತಾಳೆ. ಹುಡುಗನಿಗೆ ಮೊದಲು ತಿಳಿಯುವುದಿಲ್ಲ. ಮತ್ತೆ ಕೂಗುತ್ತಾಳೆ. ತಟ್ಟನೆ ಹೊಳೆಯುತ್ತದೆ, ಇದು ನಮ್ಮ ಹುನೆನೇ! ಇಬ್ಬರ ಮೂಲ ಒಂದೇ ಅಂತ ಆಟದಲ್ಲಿ ಬೇರೆ ಎಲ್ಲೂ ಹೇಳಿಸಿಲ್ಲ.

ವ್ಯಾಕರಣದಲ್ಲಿ ನನಗೆ ಜಾಸ್ತಿ ಪ್ರೀತಿ 'ಇಲ್ಲ' ಅನ್ನುವ ರೀತಿಯ ಮೇಲೆ. ಇಲ್ಲಿನ ಕ್ಲಾಸಿನಲ್ಲಿ ಕಲಿಸಿದರು, ಫಿನ್ನಿಶ್‌ನಲ್ಲಿ 'ಇಲ್ಲ' ಅನ್ನುವ ಪದವೇ ಆಳಿಗೆ ತಕ್ಕಂತೆ ಬದಲಾಗುತ್ತದೆ. ನಾನು ಅನ್ನುವಾಗ 'ಎನ್', ನೀನು ಅನ್ನುವಾಗ 'ಎತ್', ಅವನು, ಅವಳು ಅನ್ನುವಾಗ 'ಎಯ್'. ಜೊತೆಗಿದ್ದವರು ಕಷ್ಟ ಅಂದರು. ನನಗೆ ಆಯಿ ಕಣ್ಣ ಮುಂದೆ ಬಂದಳು. ಬುಟ್ಟಿಯಿಂದ ಇನ್ನೊಂದು ಬಿಸಿ ರೊಟ್ಟಿ ಎತ್ತಿ, ಮೇಲೆ ಪುಂಡಿಪಲ್ಯ ಇಟ್ಟು ನನ್ನ ತಾಟಿನ ಕಡೆ ಕೈ ಚಾಚುತ್ತಾಳೆ. ನಾನು ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು "ನಾ ಒಲ್ಲೆ" ಅನ್ನುತ್ತೇನೆ. ಆಯಿ ಅವ್ವನ ಕಡೆ ತಿರುಗಿ "ಇಕಿ ಒಲ್ಲಳಂತ" ಅನ್ನುತ್ತಾಳೆ. ಒಲ್ಲೆ, ಒಲ್ಲಳು. ನಮ್ಮದೂ ಆಳಿಗೆ ತಕ್ಕಂತೆ ತಿರುಗುತ್ತದೆ, ನಾನೇ ಗಮನಿಸಿರಲಿಲ್ಲ.

ನೀವು ಹಲಗೆ ಮೇಲೆ ಬರೆಯುತ್ತಿದ್ದಿರಿ: ತಿಂದೆನು, ತಿನ್ನುವೆನು, ತಿನ್ನೆನು. ಮೊದಲನೆಯದರಲ್ಲಿ 'ದ' ಬಂದು ಆಗಿಹೋದದ್ದನ್ನು ಹೇಳುತ್ತದೆ. ಎರಡನೆಯದರಲ್ಲಿ 'ವ' ಬಂದು ಆಗಬೇಕಾದದ್ದನ್ನು. ಮೂರನೆಯದರಲ್ಲಿ ನಡುವೆ ಏನೂ ಇಲ್ಲ. ಆ ಖಾಲಿ ಜಾಗವೇ 'ಇಲ್ಲ' ಅನ್ನುತ್ತದೆ. ಎಂಥಾ ಚಂದದ ಕಟ್ಟು ಇದು! ಅದನ್ನೇ ಹೊಳೆಯವರಿಗೆ ಕೊಟ್ಟಿದ್ದೇನೆ. 'ನಿಮ್ತಾ' ಅಂದರೆ ತಿಂದೆ. 'ನಿಮ್ಸಾ' ಅಂದರೆ ತಿನ್ನುವೆ. ಬರೀ 'ನಿಮಾ' ಅಂದರೆ ತಿನ್ನೆ. ನಿನ್ನೆ, ಇವತ್ತು, ನಾಳೆ ಅನ್ನುವ ಲೆಕ್ಕ ಅದಕ್ಕಿಲ್ಲ. ಹೊಳೆಯವರು ಆಣೆ ಮಾಡುವಾಗ ಇದನ್ನೇ ಬಳಸುತ್ತಾರೆ.

ತೆಲುಗಿನಿಂದಲೂ ಒಂದು ತೆಗೆದುಕೊಂಡೆ. ನಮಗೆ ಒಂದೇ 'ನಾವು'. ಅವರಿಗೆ ಕೇಳುವವರನ್ನೂ ಸೇರಿಸಿಕೊಂಡ 'ಮನಮು' ಬೇರೆ, ಹೊರಗಿಟ್ಟ 'ಮೇಮು' ಬೇರೆ. ಆಟ ಪೂರ್ತಿ ಮುದುಕಿ ಹುಡುಗನ ಹತ್ತಿರ ಹೊರಗಿಡುವ 'ನಾವು' ಆಡುತ್ತಾಳೆ. ದೋಣಿ ಹತ್ತಿದ ಮೇಲೆ ಒಂದೇ ಒಂದು ಸಲ ಇನ್ನೊಂದು.

ಮುತ್ಯಾ, ನಿಮ್ಮಿಂದ ಒಂದು ಕೆಲಸ ಆಗಬೇಕು. 'ಒಲ್ಲೆ'ಯಂತೆ ಆಯಿಯ ಮಾತಿನಲ್ಲಿ ಇನ್ನೂ ಬದುಕಿರುವ ಪದಗಳು ಇರಬೇಕು. 'ನಾ ಕಾಣೆ', 'ನಾ ಅರಿಯೆ' ಅನ್ನುವುದನ್ನು ಕೇಳಿದ ನೆನಪಿದೆ. ಕಿವಿಗೆ ಬಿದ್ದಾಗ ಬರೆದಿಡಿ. ಯಾವ ಮಾತಿನ ನಡುವೆ ಬಂತು ಅನ್ನುವುದನ್ನೂ ಬರೆಯಿರಿ. ಪಟ್ಟಿ ಸಣ್ಣದಾದರೂ ನಡೆಯುತ್ತದೆ. ಬರುವ ಭಾನುವಾರ ನಿಮ್ಮ ಊಟ ಆದ ಮೇಲೆ ಫೋನ್ ಮಾಡುತ್ತೇನೆ. ಇಲ್ಲಿ ನಿಮಗಿಂತ ಮೂರೂವರೆ ತಾಸು ಹಿಂದೆ, ಆಗ ನಾನು ಚಹಾ ಇಡುತ್ತಿರುತ್ತೇನೆ.

ನಿಮ್ಮ ಮೊಮ್ಮಗಳು